ಸಾಂಟಾ ಕ್ಲಾರಾ ಕೌಂಟಿ ಜೈಲು: ಹೊರಗೆ ಓಡಾಡಿದವನ ಅನುಭವ

"ಕನ್ನಡದಲ್ಲಿ ಮಾತಾಡಿದರೆ ಅವರಿಗೆಲ್ಲಿ ಗೊತ್ತಾಗುತ್ತೆ, ಅಲ್ವಾ?" ಜೈಲಿನಿಂದ ಬರುವ ಫೋನಿನ ಬಗ್ಗೆ ನಮ್ಮವರು ಹೀಗೇ ಕೇಳುತ್ತಾರೆ. ಗೊತ್ತಾಗುತ್ತದೆ. ಆ ಕರೆಗಳು ರೆಕಾರ್ಡ್ ಆಗುತ್ತವೆ. ಸರ್ಕಾರಿ ವಕೀಲರಿಗೆ ಬೇಕೆನಿಸಿದರೆ ಕನ್ನಡ ಬಲ್ಲವರನ್ನು ಹುಡುಕಿ ಅನುವಾದ ಮಾಡಿಸುತ್ತಾರೆ. "ಎರಡೇ ಪೆಗ್ ಹಾಕಿದ್ದೆ ಕಣೋ" ಅಂದದ್ದು ಕೋರ್ಟಿನಲ್ಲಿ ಸಾಕ್ಷಿಯಾಗಬಹುದು. ಅದಕ್ಕೇ ಫೋನ್ ಬಂದಾಗ ನಾನು ಮೊದಲು ಹೇಳುವುದು: "ಏನಾಯ್ತು ಅಂತ ಹೇಳಬೇಡ. ಯಾವ ಮಾತ್ರೆ ಬೇಕು, ಯಾರಿಗೆ ತಿಳಿಸಬೇಕು, ಅಷ್ಟು ಹೇಳು. ಉಳಿದದ್ದು ಲಾಯರ್ ಹತ್ತಿರ."

ನಾನು ಲಾಯರ್ ಅಲ್ಲ. ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಚಿಕ್ಕಪ್ಪನ ಮಗ ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದಾಗ ಹೊರಗಿನ ಓಡಾಟವೆಲ್ಲ ನನ್ನದಾಯಿತು. ಆಮೇಲೆ ಗೆಳೆಯರ ಗೆಳೆಯರೂ ಫೋನ್ ಮಾಡತೊಡಗಿದರು. ಇಂಥ ವಿಷಯ ಕನ್ನಡ ಕೂಟದ ಊಟದ ಸಾಲಿನಲ್ಲಿ ಯಾರೂ ಬಾಯಿ ಬಿಡುವುದಿಲ್ಲ ನೋಡಿ. ಗೊತ್ತಿರುವವನೊಬ್ಬ ಸಿಕ್ಕರೆ ಎಲ್ಲರೂ ಅವನನ್ನೇ ಹಿಡಿಯುತ್ತಾರೆ.

ಮೊದಲ ಕೆಲಸ, ಆ ವ್ಯಕ್ತಿ ಎಲ್ಲಿದ್ದಾರೆಂದು ಹುಡುಕುವುದು. ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ. ಇಲ್ಲಿ ಕೌಂಟಿ ಜೈಲು ಬೇರೆ, ರಾಜ್ಯದ ಸೆರೆಮನೆ ಬೇರೆ. ಬೆಂಗಳೂರಿನಲ್ಲಿ ಕೂತ ಅಣ್ಣಂದಿರು ಕ್ಯಾಲಿಫೋರ್ನಿಯಾ ರಾಜ್ಯದ ಸೆರೆಮನೆಗಳ ಪಟ್ಟಿ ಹುಡುಕಿ "ಹೆಸರೇ ಇಲ್ಲ" ಎಂದು ಗಾಬರಿಯಾಗುತ್ತಾರೆ. ಈಗಷ್ಟೇ ಬಂಧನವಾದವರು ಅಲ್ಲಿರುವುದಿಲ್ಲ. ಕೌಂಟಿಯ ಜೈಲುಗಳನ್ನು ನಡೆಸುವುದು ಷರೀಫ್ ಇಲಾಖೆ, ಅಂದರೆ ಕೌಂಟಿಯ ಪೊಲೀಸು. ಸ್ಯಾನ್ ಹೋಸೆಯ ವೆಸ್ಟ್ ಹೆಡಿಂಗ್ ಬೀದಿಯಲ್ಲಿ ಮೇನ್ ಜೈಲು ಇದೆ, ಬುಕಿಂಗ್ (ಹಿಡಿದು ತಂದವರ ಹೆಸರು, ಬೆರಳಚ್ಚು ದಾಖಲಿಸುವುದು) ಅಲ್ಲೇ. ಇನ್ನೊಂದು ಮಿಲ್ಪಿಟಾಸ್‌ನ ಎಲ್ಮ್‌ವುಡ್, ಗ್ರೇಟ್ ಮಾಲ್‌ನಿಂದ ದೂರವಿಲ್ಲ. ಹೆಂಗಸರನ್ನು ಎಲ್ಮ್‌ವುಡ್‌ನಲ್ಲೇ ಇಡುತ್ತಾರೆ. ಒಂದರಿಂದ ಇನ್ನೊಂದಕ್ಕೆ ವರ್ಗವೂ ಮಾಡುತ್ತಾರೆ. ಆದ್ದರಿಂದ ಹೊರಡುವ ಮುಂಚೆ ಎಲ್ಲಿದ್ದಾರೆಂದು ಷರೀಫ್ ಇಲಾಖೆಯ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ.

ಅಲ್ಲಿ ನಮ್ಮ ಹೆಸರುಗಳದ್ದೇ ಫಜೀತಿ. ಅಪ್ಪನ ಹೆಸರು, ಊರಿನ ಹೆಸರು, ಇನಿಷಿಯಲ್ ಬಿಡಿಸಿ ಬರೆದದ್ದು ಎಲ್ಲ ಸೇರಿ ಯಾವುದು ಮೊದಲು ಯಾವುದು ಕೊನೆ ಎಂದೇ ತಿಳಿಯುವುದಿಲ್ಲ. ಕೆಲವರ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ಬರೀ 'ಎಫ್‌ಎನ್‌ಯು' (ಮೊದಲ ಹೆಸರು ಗೊತ್ತಿಲ್ಲ) ಎಂದಿರುತ್ತದೆ. ಲೈಸೆನ್ಸಿನಲ್ಲಿ ಇದ್ದ ಹಾಗೆ ಒಮ್ಮೆ, ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆ ಒಮ್ಮೆ, ತಿರುವುಮುರುವು ಮಾಡಿ ಒಮ್ಮೆ ಹುಡುಕಿ. ಬುಕಿಂಗ್ ಮುಗಿಯಲು ಗಂಟೆಗಟ್ಟಲೆ ಹಿಡಿಯುತ್ತದೆ, ಅಲ್ಲಿಯವರೆಗೆ ಹೆಸರು ಬರದಿರಬಹುದು. ಸಿಕ್ಕ ತಕ್ಷಣ ಪಿಎಫ್‌ಎನ್, ಅಂದರೆ ಜೈಲಿನವರು ಆ ವ್ಯಕ್ತಿಗೆ ಕೊಟ್ಟ ಗುರುತಿನ ನಂಬರ್, ಬರೆದಿಟ್ಟುಕೊಳ್ಳಿ. ಭೇಟಿಗೆ, ಒಳಗಿರುವವರ ಖಾತೆಗೆ ದುಡ್ಡು ಹಾಕಲು, ಔಷಧಿ ವಿಷಯಕ್ಕೆ, ಎಲ್ಲದಕ್ಕೂ ಅದನ್ನೇ ಕೇಳುತ್ತಾರೆ.

ಬಂಧನವಾದ ಮೂರು ಗಂಟೆಯೊಳಗೆ ಮೂರು ಫೋನ್ ಕರೆ ಮಾಡಲು ಕ್ಯಾಲಿಫೋರ್ನಿಯಾ ಕಾನೂನು ಅವಕಾಶ ಕೊಡುತ್ತದೆ: ಲಾಯರಿಗೆ, ಬೇಲ್ ಏಜೆಂಟಿಗೆ, ಮನೆಯವರಿಗೆ. ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವವರಾದರೆ ಮಕ್ಕಳ ವ್ಯವಸ್ಥೆಗೆಂದು ಇನ್ನೂ ಎರಡು ಕರೆ. ಗೊತ್ತಿಲ್ಲದ ನಂಬರಿನಿಂದ ಅಪರಾತ್ರಿ ಫೋನ್ ಬಂದರೆ ಎತ್ತುವುದು ಒಳ್ಳೆಯದು. ಆದರೆ "ನಿಮ್ಮ ಮಗ ಜೈಲಲ್ಲಿದ್ದಾನೆ, ಗಿಫ್ಟ್ ಕಾರ್ಡ್ ನಂಬರ್ ಹೇಳಿ, ಬಿಡಿಸುತ್ತೇವೆ" ಎಂದರೆ ಅದು ಮೋಸ, ಇಟ್ಟುಬಿಡಿ.

ಬಿಪಿ, ಶುಗರ್ ಇದ್ದವರಿಗೆ ಔಷಧಿಯ ಚಿಂತೆ. ಮನೆಯ ಡಬ್ಬಿ ತೆಗೆದುಕೊಂಡು ಹೋಗಿ ಕೊಡುವುದು ನಡೆಯುವುದಿಲ್ಲ. ಜೈಲಿನ ವೈದ್ಯಕೀಯ ವಿಭಾಗಕ್ಕೆ ಫೋನ್ ಮಾಡಿ ಹೆಸರು, ಹುಟ್ಟಿದ ದಿನ, ಪಿಎಫ್‌ಎನ್, ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಬರೆದುಕೊಟ್ಟ ಡಾಕ್ಟರ ನಂಬರ್ ಹೇಳಬೇಕು. ಸಸ್ಯಾಹಾರ ಬೇಕಿದ್ದರೆ ಒಳಗಿರುವವರೇ ಕೇಳಬೇಕು.

ಈಗ ಬೇಲ್. ಕೌಂಟಿಯಲ್ಲಿ ಯಾವ ಆರೋಪಕ್ಕೆ ಎಷ್ಟು ಬೇಲ್ ಎಂಬ ಪಟ್ಟಿ ಇದೆ. ಪೂರ್ತಿ ಮೊತ್ತ ನೀವೇ ಕಟ್ಟಿದರೆ, ಕರೆದಾಗಲೆಲ್ಲ ಆರೋಪಿ ಕೋರ್ಟಿಗೆ ಹಾಜರಾಗಿದ್ದರೆ, ಕೇಸು ಮುಗಿದ ಮೇಲೆ ವಾಪಸ್ ಬರುತ್ತದೆ. ಏಜೆಂಟ್ ಮೂಲಕ ಬಾಂಡ್ ತೆಗೆದುಕೊಂಡರೆ ಸಾಮಾನ್ಯವಾಗಿ ಮೊತ್ತದ ಶೇಕಡಾ 10 ಅವರ ಶುಲ್ಕ. ಬೇಲ್ 50,000 ಡಾಲರ್ ಆದರೆ 5,000 ಹೋಯಿತು, ಕೇಸು ಬಿದ್ದುಹೋದರೂ ಹೋಯಿತು. ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ: ದುಡ್ಡಿಲ್ಲದೆ ಬಿಡುತ್ತಾರಾ? ಮೊದಲ ಸಲ ಕುಡಿದು ಓಡಿಸಿ ಸಿಕ್ಕವರನ್ನು, ಯಾರಿಗೂ ಗಾಯವಾಗಿರದಿದ್ದರೆ, ಅಮಲು ಇಳಿದ ಮೇಲೆ ಕೋರ್ಟಿನ ದಿನಾಂಕ ಬರೆದ ಚೀಟಿ ಕೊಟ್ಟು ಕಳಿಸುವುದು ಹೆಚ್ಚು. ನನ್ನ ತಮ್ಮನಿಗೂ ಹಾಗೇ ಆಯಿತು. ನಾನು ಏಜೆಂಟಿಗೆ ಫೋನ್ ಮಾಡುವ ಬದಲು ಕಾದೆ. ಜಡ್ಜ್ ಮುಂದೆ ಹೋದ ಮೇಲೂ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬಹುದು. ಆರೋಪಿಗೆ ಬೇಲ್ ಕಟ್ಟುವ ಶಕ್ತಿ ಇದೆಯೇ ಎಂದು ನೋಡಲೇಬೇಕೆಂದು ರಾಜ್ಯದ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ.

ಜಡ್ಜ್ ಮುಂದೆ ನಿಲ್ಲಿಸಲು ಇರುವ ಗಡುವು 48 ಗಂಟೆ. ಅದರಲ್ಲಿ ಭಾನುವಾರ, ರಜಾದಿನ ಲೆಕ್ಕಕ್ಕಿಲ್ಲ. ಶುಕ್ರವಾರ ರಾತ್ರಿ ಒಳಗೆ ಹೋದವರ ಸರದಿ ಮಂಗಳವಾರ ಬರುವುದೂ ಉಂಟು. ಕೋರ್ಟ್ ಜೈಲಿನ ಪಕ್ಕದಲ್ಲೇ ಇದೆ, ಹಾಲ್ ಆಫ್ ಜಸ್ಟಿಸ್. ಲಾಯರಿಗೆ ದುಡ್ಡಿಲ್ಲದವರಿಗೆ ಸರ್ಕಾರವೇ ಪಬ್ಲಿಕ್ ಡಿಫೆಂಡರ್ ಕೊಡುತ್ತದೆ, ವೀಸಾ ಯಾವುದಿದ್ದರೂ ಸರಿ. ಇಂಗ್ಲಿಷ್ ಬಾರದವರಿಗೆ ಕೋರ್ಟಿನಲ್ಲಿ ದುಭಾಷಿ ಉಚಿತ. ಇಲ್ಲಿ ಬಂದಿರುವ ಅಪ್ಪ ಅಮ್ಮಂದಿರಿಗೆ ಕನ್ನಡದ ದುಭಾಷಿಯನ್ನೇ ಕೇಳಿ, ಹಿಂದಿಯವರನ್ನು ಒಪ್ಪಿಕೊಳ್ಳಬೇಡಿ.

ಗಂಡ ಹೆಂಡತಿ ಜಗಳದ ಕೇಸು ಬಂದಾಗ ನನಗೆ ಜಾಸ್ತಿ ತಲೆನೋವು. ಊರಿಂದ ಫೋನ್ ಶುರುವಾಗುತ್ತದೆ: "ಕಂಪ್ಲೇಂಟ್ ವಾಪಸ್ ತಗೊಳ್ಳೋಕೆ ಹೇಳಪ್ಪಾ." ಇಲ್ಲಿ ಹಾಗಿಲ್ಲ. ಕೇಸು ಹಾಕುವುದು, ಬಿಡುವುದು ಡಿಸ್ಟ್ರಿಕ್ಟ್ ಅಟಾರ್ನಿ, ಅಂದರೆ ಕೌಂಟಿಯ ಸರ್ಕಾರಿ ವಕೀಲರು, ಹೆಂಡತಿಯಲ್ಲ. ಮೇಲಾಗಿ, ಸಂಪರ್ಕ ಮಾಡಬಾರದೆಂಬ ಆದೇಶ ಬಂದಿದ್ದರೆ ಬೇರೆಯವರ ಮೂಲಕ ಮಾತು ಮುಟ್ಟಿಸುವುದನ್ನೂ ಅದು ಸಾಮಾನ್ಯವಾಗಿ ತಡೆಯುತ್ತದೆ. ಮಗ ಜೈಲಿನಿಂದ ಮೈಸೂರಿನ ಅಮ್ಮನಿಗೆ ಹೇಳಿ, ಅಮ್ಮ ಸೊಸೆಗೆ ವಾಟ್ಸಾಪ್ ಮಾಡಿದರೆ ಅದು ಮಗನ ತಲೆಗೆ ಹೊಸ ಕೇಸು ತರಬಹುದು. ಹಿರಿಯರಿಗೆ ಇದನ್ನು ಒಪ್ಪಿಸುವುದು ಕಷ್ಟ. "ಮನೆ ವಿಷಯ ಮನೇಲಿ ಬಗೆಹರಿಸ್ಕೋಬಾರ್ದಾ?" ಅನ್ನುತ್ತಾರೆ. ಏಟು ತಿಂದವಳ ಮೇಲೆ ಒತ್ತಡ ಬೀಳಬಾರದೆಂದೇ ಆ ಆದೇಶ. ನಾನಂತೂ ಅಂಥ ಕೇಸಿನಲ್ಲಿ ಸಂಧಾನಕ್ಕೆ ಕೂರುವುದಿಲ್ಲ, ಲಾಯರ್ ನಂಬರ್ ಕೊಟ್ಟು ಸುಮ್ಮನಾಗುತ್ತೇನೆ.

ಸ್ಯಾನ್ ಫ್ರಾನ್ಸಿಸ್ಕೋದ ಭಾರತೀಯ ಕಾನ್ಸುಲೇಟಿಗೆ ತಿಳಿಸುವ ಹಕ್ಕು ನಮಗಿದೆ. ಭಾರತೀಯರ ವಿಷಯದಲ್ಲಿ ಪೊಲೀಸರು ತಾವಾಗಿ ತಿಳಿಸಬೇಕೆಂದಿಲ್ಲ, ಒಳಗಿರುವವರು ಕೇಳಿಕೊಳ್ಳಬೇಕು. ಕಾನ್ಸುಲೇಟ್ ಬಿಡಿಸಿಕೊಂಡು ಬರುವುದಿಲ್ಲ, ಊರಿನ ಮನೆಯವರಿಗೆ ಸುದ್ದಿ ಮುಟ್ಟಿಸಲು ನೆರವಾಗಬಹುದು.

ಬಿಡುಗಡೆ ಎಂದರೆ ಆ ಕ್ಷಣ ಅಲ್ಲ. ಕಾಗದ ಮುಗಿದ ಮೇಲೂ ಗಂಟೆಗಳು ಹಿಡಿಯುತ್ತವೆ, ಎಷ್ಟೋ ಸಲ ನಡುರಾತ್ರಿಯೇ ಆಗುತ್ತದೆ. ಅವರ ಫೋನಿನಲ್ಲಿ ಚಾರ್ಜ್ ಇರುವುದಿಲ್ಲ. ಜಾಕೆಟ್, ಚಾರ್ಜರ್, ತಿನ್ನಲು ಏನಾದರೂ ಹಿಡಿದುಕೊಂಡು ಹೋಗಿ. ಟೋ ಮಾಡಿದ ಗಾಡಿಯನ್ನು ಬೇಗ ಬಿಡಿಸಿಕೊಳ್ಳಿ, ಅದನ್ನು ಇಟ್ಟುಕೊಂಡ ಬಾಡಿಗೆ ದಿನದಿನಕ್ಕೆ ಏರುತ್ತದೆ.

ಕುಡಿದು ಓಡಿಸಿದ ಕೇಸಿನಲ್ಲಿ ಎರಡು ವಿಷಯ ಜೈಲಿನಿಂದ ಹೊರಗೆ ಬಂದ ಮೇಲೇ ಕಾಡುತ್ತವೆ. ಪೊಲೀಸರು ಲೈಸೆನ್ಸ್ ಇಟ್ಟುಕೊಂಡು ಗುಲಾಬಿ ಬಣ್ಣದ ಕಾಗದ ಕೊಟ್ಟಿರುತ್ತಾರೆ. ಅದು 30 ದಿನದ ತಾತ್ಕಾಲಿಕ ಲೈಸೆನ್ಸ್. 10 ದಿನದೊಳಗೆ ಡಿಎಂವಿ (ಲೈಸೆನ್ಸ್ ಕೊಡುವ ವಾಹನ ಇಲಾಖೆ) ಹತ್ತಿರ ವಿಚಾರಣೆ ಕೇಳದಿದ್ದರೆ, ಕೋರ್ಟಿನಲ್ಲಿ ಕೇಸು ಇನ್ನೂ ನಡೆಯುತ್ತಿದ್ದರೂ, ಲೈಸೆನ್ಸ್ ಅಮಾನತಾಗುತ್ತದೆ. ಎರಡನೆಯದು ವೀಸಾ. ಶಿಕ್ಷೆಯಾಗದೆ ಬರೀ ಬಂಧನವಾಗಿದ್ದರೂ ಪಾಸ್‌ಪೋರ್ಟಿನಲ್ಲಿರುವ ವೀಸಾವನ್ನು ರದ್ದು ಮಾಡುವ ಅಧಿಕಾರ ಅಮೆರಿಕದ ವಿದೇಶಾಂಗ ಇಲಾಖೆಗೆ ಇದೆ, ಮಾಡುತ್ತಾರೆ ಕೂಡ. ಸಾಮಾನ್ಯವಾಗಿ ಇಲ್ಲಿ ಇರುವಷ್ಟು ದಿನ ಕೆಲಸಕ್ಕೆ ತೊಂದರೆಯಿಲ್ಲ. ದೇಶ ಬಿಟ್ಟರೆ ಹೊಸ ವೀಸಾ ಇಲ್ಲದೆ ವಾಪಸ್ ಬರಲಾಗುವುದಿಲ್ಲ. ಆದ್ದರಿಂದ ತಂಗಿಯ ಮದುವೆಗೆ ಟಿಕೆಟ್ ಮಾಡುವ ಮೊದಲು ಇಮಿಗ್ರೇಷನ್ ಲಾಯರ್ ಹತ್ತಿರ ಮಾತಾಡಿ. ಕೇಸು ಮುಗಿದ ದಿನವೇ ಕೋರ್ಟಿನಿಂದ ತೀರ್ಪಿನ ದೃಢೀಕೃತ ಪ್ರತಿ ಒಂದಕ್ಕಿಂತ ಹೆಚ್ಚು ತೆಗೆದಿಟ್ಟುಕೊಳ್ಳಿ. ಮುಂದೆ ವೀಸಾಗೂ ಗ್ರೀನ್ ಕಾರ್ಡಿಗೂ ಅದನ್ನು ಕೇಳುತ್ತಾರೆ.