ಬೋರ್‌ವೆಲ್ ರಿಗ್ ಬಿಚ್ಚುವಾಗ ಆದ ಸಾವು: ನಾನು ತನಿಖೆ ಮಾಡಿದ ಬಗೆ

ಕೆಲಸದ ಜಾಗದಲ್ಲಿ ಒಬ್ಬರು ಸತ್ತರೆ ಅಲ್ಲೇ ಒಂದು ಮಾತು ಹುಟ್ಟಿಕೊಳ್ಳುತ್ತದೆ. "ಅವನೇ ಸರಿಯಾಗಿ ನೋಡಿಕೊಳ್ಳಲಿಲ್ಲ." ಯಾರು ಮೊದಲು ಹೇಳಿದರೋ ಗೊತ್ತಾಗುವುದಿಲ್ಲ. ಸಂಜೆಯ ಹೊತ್ತಿಗೆ ಎಲ್ಲರೂ ಅದನ್ನೇ ಹೇಳುತ್ತಿರುತ್ತಾರೆ. ನನ್ನಂಥವನು ಹೋಗಿ ನಿಲ್ಲುವ ಹೊತ್ತಿಗೆ ಅದು ಗಟ್ಟಿಯಾಗಿ ಕೂತಿರುತ್ತದೆ. ಮಂಡ್ಯ ಹತ್ತಿರದ ಒಂದು ಶೆಡ್‌ನಲ್ಲಿ ಹಳೇ ಬೋರ್‌ವೆಲ್ ರಿಗ್ ಬಿಚ್ಚುವಾಗ ಛತ್ತೀಸ್‌ಗಢದ ಹುಡುಗನೊಬ್ಬ ಸತ್ತಾಗಲೂ ಹೀಗೇ ಆಗಿತ್ತು.

ನಾನು ಮೈಸೂರಿನ ಕಾರ್ಖಾನೆಗಳಲ್ಲಿ ಸೇಫ್ಟಿ ಆಫೀಸರ್ ಆಗಿದ್ದವನು. ಈಗ ಸ್ವಂತವಾಗಿ ಅಪಘಾತಗಳ ತಾಂತ್ರಿಕ ತನಿಖೆ ಮಾಡಿಕೊಡುತ್ತೇನೆ. ಈ ಕೇಸಿಗೆ ಕರೆದಿದ್ದು ರಿಗ್ ಮಾಲೀಕರ ಇನ್ಶೂರೆನ್ಸ್ ಕಂಪನಿ. ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬರುವ ಮುಂಚಿನ ಮಾತಿದು. ಹಾಗಾಗಿ ಇಲ್ಲಿ ಬರುವ ಕಾನೂನೆಲ್ಲ ಆಗಿನದು.

ನಮ್ಮ ಕಡೆ ಓಡಾಡುವ ಬೋರ್‌ವೆಲ್ ಲಾರಿಗಳಲ್ಲಿ ತಮಿಳುನಾಡಿನ ತಿರುಚೆಂಗೋಡಿನವು ಜಾಸ್ತಿ. ನಾಲೆ ನೀರು ಹತ್ತದ ನಾಗಮಂಗಲದ ಕಡೆಯ ಹೊಲಗಳಲ್ಲಿ ಬೇಸಿಗೆ ಬಂತೆಂದರೆ ಇವುಗಳದೇ ಸದ್ದು. ಇಂಥ ರಿಗ್‌ಗಳಲ್ಲಿ ಲಾರಿ ಮೊದಲು ಸವೆಯುತ್ತದೆ, ಮೇಲಿನ ಯಂತ್ರ ಇನ್ನೂ ದುಡಿಯುತ್ತಿರುತ್ತದೆ. ಆಗ ಎಲ್ಲವನ್ನೂ ಬಿಚ್ಚಿ ಬೇರೆ ಚಾಸಿಗೆ ಕೂರಿಸುತ್ತಾರೆ. ಅವತ್ತು ನಡೆಯುತ್ತಿದ್ದದ್ದು ಆ ಕೆಲಸವೇ. ಸುಮಾರು 30 ಅಡಿ ಉದ್ದದ ಮಾಸ್ಟ್, ಅಂದರೆ ಕೊರೆಯುವಾಗ ನೆಟ್ಟಗೆ ನಿಲ್ಲಿಸುವ ಉಕ್ಕಿನ ಗೋಪುರ, ಲಾರಿಯ ಮೇಲೆ ಮಲಗಿತ್ತು. ಅದರ ಬಾಲ, ಅಂದರೆ ಲಾರಿಯ ಹಿಂಭಾಗದ ತುದಿ, ಎರಡು ದಪ್ಪ ಪಿನ್ನುಗಳ ಮೇಲೆ ಬ್ರಾಕೆಟ್‌ನಲ್ಲಿ ಕೂತಿತ್ತು. ಪಿನ್ ಬಡಿದು ತೆಗೆದು, ಹೈಡ್ರಾ ಕ್ರೇನಿನಲ್ಲಿ ಮಾಸ್ಟ್ ಎತ್ತಿ ಪಕ್ಕಕ್ಕೆ ಇಡಬೇಕಿತ್ತು. ಪಿನ್ನುಗಳು ಬಂದವು. ಮಾಸ್ಟ್ ಮೇಲೆದ್ದಿತು. ಎದ್ದ ಸ್ವಲ್ಪ ಹೊತ್ತಿಗೆ ಬಾಲದ ಕಡೆ ಕುಸಿದು ಹುಡುಗನ ಮೇಲೆ ಬಿತ್ತು.

ಇಂಥ ಕಡೆ ನಾನು ಮೊದಲು ಕೇಳಿಕೊಳ್ಳುವುದು ಒಂದೇ ಪ್ರಶ್ನೆ. ಬೀಳುವ ಮುಂಚೆ ಇದು ಯಾವುದರ ಮೇಲೆ ನಿಂತಿತ್ತು? ಯಾರ ತಪ್ಪು ಅನ್ನುವುದನ್ನು ಆಮೇಲೆ ನೋಡೋಣ. ಭಾರವಾದ ವಸ್ತುವೊಂದು ಎತ್ತರದಲ್ಲಿ ಇದೆ ಅಂದರೆ ಏನೋ ಒಂದು ಅದನ್ನು ಹಿಡಿದಿದೆ. ಆ ಹಿಡಿತ ಯಾವುದು, ಯಾವಾಗ ಬಿಟ್ಟಿತು, ಅದರ ಬದಲಿಗೆ ಇನ್ನೊಂದು ಹಿಡಿತ ಇತ್ತಾ? ಇಷ್ಟು ಗೊತ್ತಾದರೆ ಉಳಿದದ್ದು ಅದರ ಹಿಂದೆಯೇ ಬರುತ್ತದೆ.

ನಾನು ಹೋಗುವ ಮುಂಚೆ ಪೊಲೀಸರ ಮಹಜರು ಮುಗಿದಿತ್ತು. ಹುಡುಗನನ್ನು ಹೊರತೆಗೆಯಲು ಮಾಸ್ಟನ್ನು ಸ್ವಲ್ಪ ಎತ್ತಿದ್ದರು, ಅದು ಸರಿಯೇ. ಜೀವ ಮೊದಲು, ಸಾಕ್ಷಿ ಆಮೇಲೆ. ಉಳಿದದ್ದು ಇದ್ದ ಹಾಗೇ ಇತ್ತು. ತನಿಖಾಧಿಕಾರಿಯ ಅನುಮತಿ ಪಡೆದು, ಏನನ್ನೂ ಮುಟ್ಟದೆ ಮೊದಲು ದೂರದಿಂದ, ಆಮೇಲೆ ಹತ್ತಿರದಿಂದ ಫೋಟೋ ತೆಗೆದೆ. ದೂರದ ಫೋಟೋ ಬೇಕೇ ಬೇಕು. ಬರೀ ಹತ್ತಿರದವು ಇದ್ದರೆ ತಿಂಗಳು ಕಳೆದ ಮೇಲೆ ಅದು ಯಾವ ಬೋಲ್ಟು, ಯಾವ ಕಡೆಯದು ಅಂತ ಹೇಳಲಾಗುವುದಿಲ್ಲ.

ಮಾಸ್ಟ್‌ನ ಉದ್ದಕ್ಕೂ ಎರಡು ಗೈಡ್ ಪಟ್ಟಿಗಳಿರುತ್ತವೆ. ರಾಡು ತಿರುಗಿಸುವ ಹೆಡ್ ಅವುಗಳ ಮೇಲೆ ಹಿಂದೆ ಮುಂದೆ ಜಾರುತ್ತದೆ. ಪಟ್ಟಿಗಳ ಮೇಲೆ ಹಳೇ ಗ್ರೀಸು, ಅದಕ್ಕೆ ಕಲ್ಲುಪುಡಿ ಮೆತ್ತಿಕೊಂಡು ಕಪ್ಪಗೆ ದಪ್ಪಗಿತ್ತು. ಆ ಕಪ್ಪಿನ ನಡುವೆ, ಮಾಸ್ಟ್‌ನ ಮಧ್ಯಭಾಗದಿಂದ ಬಾಲದವರೆಗೆ, ಯಾರೋ ಉಳಿಯಿಂದ ಹೆರೆದ ಹಾಗೆ ಹೊಳೆಯುವ ಗೆರೆ ಓಡಿತ್ತು. ಗ್ರೀಸು ಬಾಲದ ಕಡೆಗೇ ಗುಡ್ಡೆಯಾಗಿ ತಳ್ಳಿಕೊಂಡಿತ್ತು. ಹೆಡ್ ಬಾಲದ ತುದಿಗೆ ಬಡಿದು ನಿಂತಿತ್ತು. ಅಂದರೆ ಹೆಡ್ ಜಾರಿದೆ. ಆದರೆ ಅದನ್ನು ಹಿಡಿದಿಡಲು ಫೀಡ್ ಚೈನ್ ಇರುತ್ತದೆ ಅಲ್ವಾ? ಚೈನ್ ಎಲ್ಲಿ?

ಚೈನ್ ಮಾಸ್ಟ್‌ನಲ್ಲಿ ಇರಲೇ ಇಲ್ಲ. ಹಿಂದಿನ ದಿನವೇ ಬಿಚ್ಚಿ ಮೈಸೂರಿಗೆ ಕಳಿಸಿದ್ದರು.

ಅದರ ಜಾಗದಲ್ಲಿ ಸಿಕ್ಕಿದ್ದು ನೈಲಾನ್ ಹಗ್ಗದ ಎರಡು ತುಂಡು. ಒಂದು ಹೆಡ್‌ಗೆ ಕಟ್ಟಿದ್ದು, ಇನ್ನೊಂದು ಮಾಸ್ಟ್‌ನ ಅಡ್ಡಪಟ್ಟಿಗೆ ಕಟ್ಟಿದ್ದು. 12 ಮಿ.ಮೀ. ದಪ್ಪದ ಹಗ್ಗ, ಗಂಟು ಚೆನ್ನಾಗಿಯೇ ಬಿಗಿದಿತ್ತು. ತುಂಡಾದ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿದೆ. ಅರ್ಧದಷ್ಟು ಎಳೆಗಳು ಕತ್ತಿಯಿಂದ ಕೊಯ್ದ ಹಾಗೆ ಸಮನಾಗಿದ್ದವು. ಉಳಿದ ಅರ್ಧ ಎಳೆದು ಹರಿದು ಗುಂಗುರಾಗಿದ್ದವು. ಅಡ್ಡಪಟ್ಟಿಯ ಅಂಚಿಗೆ ಬೆರಳು ಸವರಿದರೆ ಚೂಪು ಗೊತ್ತಾಗುತ್ತಿತ್ತು. ಹಗ್ಗದ ನಾರು ಅಲ್ಲಿ ಅಂಟಿಕೊಂಡೂ ಇತ್ತು.

ಸಾಕ್ಷಿಗಳ ಜೊತೆ ಮಾತು ಆಮೇಲೆ ಶುರುವಾಯಿತು. ಒಬ್ಬೊಬ್ಬರನ್ನೇ, ಮಾಲೀಕರು ಎದುರಿಗಿಲ್ಲದ ಜಾಗದಲ್ಲಿ ಮಾತಾಡಿಸಿದೆ. ಹಿಂದಿ ಮಾತಾಡುವವರ ಜೊತೆ ಹಿಂದಿಯಲ್ಲೇ ಮಾತಾಡಿದೆ, ಮೇಸ್ತ್ರಿಯಿಂದ ಅನುವಾದ ಮಾಡಿಸಲಿಲ್ಲ. "ಯಾಕೆ ಹಾಗೆ ಮಾಡಿದ್ರಿ?" ಅಂತ ಯಾರನ್ನೂ ಕೇಳಬಾರದು. ಯಾಕೆ ಅಂದ ತಕ್ಷಣ ಮನುಷ್ಯ ಸಮಜಾಯಿಷಿ ಕೊಡಲು ಶುರು ಮಾಡುತ್ತಾನೆ. "ಬೆಳಿಗ್ಗೆ ಟೀ ಕುಡಿದ ಮೇಲೆ ಮೊದಲು ಏನು ಬಿಚ್ಚಿದ್ರಿ? ಆಮೇಲೆ?" ಅಂತ ಕೇಳಿದರೆ ಕೈ ನೆನಪಿಸಿಕೊಳ್ಳುತ್ತದೆ.

ಹೈಡ್ರಾ ಆಪರೇಟರ್ ಮದ್ದೂರು ಕಡೆಯವರು, ಐವತ್ತು ದಾಟಿದವರು. ಬಹಳ ಹೆದರಿದ್ದರು. "ನಾನ್ ಏನೂ ಮಾಡ್ಲಿಲ್ಲ ಸಾ, ನಿಧಾನಕ್ಕೇ ಎತ್ತಿದ್ದು" ಅನ್ನುವುದನ್ನು ಬಿಟ್ಟು ಬೇರೆ ಮಾತೇ ಬರುತ್ತಿರಲಿಲ್ಲ. ಶೆಡ್‌ನಲ್ಲಿ ಬಿದ್ದಿದ್ದ ವೈರಿಂಗ್ ಪೈಪಿನ ತುಂಡೊಂದನ್ನು ತೆಗೆದುಕೊಂಡು, ಅದಕ್ಕೆ ದೊಡ್ಡದೊಂದು ನಟ್ ತೂರಿಸಿ, ನಡುವೆ ದಾರ ಕಟ್ಟಿ ಅವರ ಕೈಗೆ ಕೊಟ್ಟೆ. "ಅಣ್ಣ, ಅವತ್ತು ಹೆಂಗೆ ಎದ್ದಿತು ಅಂತ ತೋರಿಸಿ." ಅವರು ದಾರ ಹಿಡಿದು ಎತ್ತಿದರು. ಒಂದು ತುದಿಯನ್ನು ಇನ್ನೊಂದು ಕೈಯಲ್ಲಿ ಒತ್ತಿ ಹಿಡಿದರು.

"ಹಿಂದ್ಗಡೆ ಬರ್ಲಿಲ್ಲ ಸಾ. ಪಿನ್ನು ಆಚೆ ಬಂದಿತ್ತು, ಆದ್ರೂವೆ ತುಕ್ಕು ಕಚ್ಕಂಡಿತ್ತು. ಮುಂದ್ಗಡೆ ಮಾತ್ರ ಮ್ಯಾಕೆ ಬತ್ತಾ ಇತ್ತು. ಹುಡ್ಗ ಹಾರೆ ಹಾಕಿ ಮೀಟ್ತಾ ಇದ್ದ."

ಅಷ್ಟು ಹೇಳುವಾಗ ಪೈಪು ಓರೆಯಾಗಿತ್ತು. ನಟ್ ಸರ್ರನೆ ಜಾರಿ ಅವರ ಬೆರಳಿಗೆ ಬಡಿಯಿತು. ಅವರು ಪೈಪನ್ನೇ ನೋಡುತ್ತಾ ಕೂತರು. ಮುಂದಿನದನ್ನು ನಾನು ಕೇಳುವ ಅಗತ್ಯವೇ ಬೀಳಲಿಲ್ಲ, ಅವರೇ ಪೂರ್ತಿ ಹೇಳಿದರು.

ಇನ್ನೊಬ್ಬ ಹೆಲ್ಪರ್ ಮೊಬೈಲ್‌ನಲ್ಲಿ ಸಣ್ಣ ವಿಡಿಯೋ ಇತ್ತು. ಊರಿಗೆ ಕಳಿಸಲು ತೆಗೆದದ್ದು, ಅಪಘಾತಕ್ಕೆ ಮುಂಚೆಯೇ ನಿಲ್ಲುತ್ತದೆ. ಫೋನು ಪೊಲೀಸರ ವಶಕ್ಕೆ ಹೋಯಿತು, ನಾನು ಅವರಿಂದಲೇ ಪ್ರತಿ ಪಡೆದೆ. ಒಂದು ಫ್ರೇಮ್ ಪ್ರಿಂಟ್ ಹಾಕಿಸಿ, ಶೆಡ್‌ನ ಕಂಬವನ್ನು ನೇರ ಗೆರೆ ಅಂತ ಇಟ್ಟುಕೊಂಡು, ಶಾಲೆ ಮಕ್ಕಳ ಕೋನಮಾಪಕದಲ್ಲಿ ಅಳೆದೆ. ಮಾಸ್ಟ್ 9ರಿಂದ 11 ಡಿಗ್ರಿ ಓರೆಯಾಗಿತ್ತು. ಗ್ರೀಸು ಹಚ್ಚಿದ ಉಕ್ಕಿನ ಮೇಲೆ ಉಕ್ಕು ಜಾರಲು ಸುಮಾರು 6ರಿಂದ 8 ಡಿಗ್ರಿ ಸಾಕು. ಹೆಡ್ಡನ್ನು ವೇಬ್ರಿಡ್ಜ್‌ಗೆ ಒಯ್ದು ತೂಗಿಸಿದೆವು, 480 ಕಿಲೋ ಇತ್ತು.

ಇಲ್ಲಿ ಲೆಕ್ಕ ನನ್ನನ್ನು ತಡೆಯಿತು. 10 ಡಿಗ್ರಿ ಇಳಿಜಾರಿನಲ್ಲಿ 480 ಕಿಲೋ ಹೆಡ್ ಹಗ್ಗವನ್ನು ಎಳೆಯುವ ಬಲ, ಘರ್ಷಣೆಯನ್ನು ಪೂರ್ತಿ ಬಿಟ್ಟರೂ, ಸುಮಾರು 83 ಕಿಲೋ. 12 ಮಿ.ಮೀ. ನೈಲಾನ್ ಹಗ್ಗ ಅದಕ್ಕೆಲ್ಲ ಹರಿಯುವುದಿಲ್ಲ, ಚೆನ್ನಾಗಿದ್ದರೆ ಎರಡು ಟನ್ನಿಗೂ ಜಾಸ್ತಿ ತಡೆಯುತ್ತದೆ. ಹಾಗಾದರೆ "ಹಗ್ಗ ಸಾಲಲಿಲ್ಲ" ಅನ್ನುವ ಉತ್ತರ ಸರಿಯಲ್ಲ. ತುಂಡಾದ ತುದಿಯನ್ನು ಮತ್ತೆ ನೋಡಿದಾಗ ವಿಷಯ ಕೂಡಿ ಬಂತು. ಹುಡುಗ ಹಾರೆಯಿಂದ ಮೀಟಿದಾಗಲೆಲ್ಲ ಮಾಸ್ಟ್ ಕುಲುಕಿದೆ. ಕುಲುಕಿದಾಗಲೆಲ್ಲ ಬಿಗಿಯಾದ ಹಗ್ಗ ಆ ಚೂಪು ಅಂಚಿನ ಮೇಲೆ ಉಜ್ಜಿದೆ. ಅರ್ಧ ಕೊಯ್ದ ಮೇಲೆ ಉಳಿದ ಅರ್ಧಕ್ಕೆ ಒಂದು ಜರ್ಕ್ ಸಾಕಾಗಿದೆ. ಹೆಡ್ ಜಾರಿದ ಕೂಡಲೇ ತೂಕದ ಕೇಂದ್ರ ಬಾಲದ ಕಡೆ ಹೋಗಿದೆ. ಮಾಸ್ಟನ್ನು ಕ್ರೇನಿನ ಕೊಕ್ಕೆಗೆ ನೇತುಹಾಕುವ ತಂತಿ ಹಗ್ಗ, ಅಂದರೆ ಸ್ಲಿಂಗ್, ಇದ್ದದ್ದು ಒಂದೇ. ಬಾಲಕ್ಕೆ ಭಾರ ಬಿದ್ದು ಬ್ರಾಕೆಟ್‌ನ ಕಚ್ಚು ಬಿಟ್ಟಿದೆ.

ಹಗ್ಗ ಕಟ್ಟಿದ್ದು ಯಾರು? ಸತ್ತ ಹುಡುಗನೇ. ಇದನ್ನು ಇಬ್ಬರು ಬೇರೆ ಬೇರೆಯಾಗಿ ಹೇಳಿದರು. ಚೈನ್ ಇಲ್ಲದೆ ಹೆಡ್ ನಿಲ್ಲುವುದಿಲ್ಲ ಅಂತ ಅವನಿಗೆ ಗೊತ್ತಾಗಿತ್ತು. ಭಾರ ಎಳೆದು ಹಿಡಿಯುವ ಸರಪಳಿ ರಾಟೆ, ಅಂದರೆ ಚೈನ್ ಬ್ಲಾಕ್ ಕೇಳಿದ್ದಾನೆ, ಅದು ಬೇರೆ ಕಡೆ ಹೋಗಿತ್ತು. ಕೈಗೆ ಸಿಕ್ಕ ಹಗ್ಗದಲ್ಲಿ ಬಿಗಿದಿದ್ದಾನೆ. ಇಡೀ ಶೆಡ್‌ನಲ್ಲಿ ಆ ಅಪಾಯ ಕಂಡವನು ಅವನೊಬ್ಬನೇ. ಅವನನ್ನೇ "ನೋಡಿಕೊಳ್ಳಲಿಲ್ಲ" ಅಂದಿದ್ದರು. ಇದನ್ನು ವರದಿಯ ಮೊದಲ ಪುಟದಲ್ಲೇ ಬರೆದೆ, ಒಳಗೆಲ್ಲೋ ಹುದುಗಿಸಲಿಲ್ಲ.

ಉಳಿದ ತೀರ್ಮಾನಗಳನ್ನು ಒಂದೊಂದಾಗಿ ನೋಡಿದರೆ ಯಾವುದೂ ಹುಚ್ಚುತನ ಅನಿಸುವುದಿಲ್ಲ. ಚೈನ್ ಮೊದಲೇ ಬಿಚ್ಚಿದ್ದು ಯಾಕೆ? ಅವತ್ತು ಮೈಸೂರಿಗೆ ಗಾಡಿ ಹೋಗುತ್ತಿತ್ತು, ಅಳತೆಗೆ ಚೈನೂ ಹೋಗಲಿ ಅಂದರು. ಒಂದೇ ಸ್ಲಿಂಗ್ ಯಾಕೆ? ಇನ್ನೊಂದರ ತಂತಿ ಎಳೆಗಳು ಹರಿದಿದ್ದವು ಅಂತ ಪಕ್ಕಕ್ಕಿಟ್ಟಿದ್ದರು, ಅದು ಒಳ್ಳೇ ಕೆಲಸವೇ. ಸ್ಲಿಂಗ್ ಕಟ್ಟುವ ಜಾಗಕ್ಕೆ ಸೀಮೆಸುಣ್ಣದ ಗುರುತು ಇತ್ತು. ಹಿಂದೆ ಇದೇ ಥರದ ಮಾಸ್ಟನ್ನು ಅದೇ ಜಾಗದಲ್ಲಿ ಕಟ್ಟಿ ಎತ್ತಿದ್ದರು, ಸಮನಾಗಿ ಎದ್ದಿತ್ತು. ಆಗ ಹೆಡ್ಡನ್ನು ಚೈನ್ ಹಿಡಿದಿತ್ತು. ಆ ವ್ಯತ್ಯಾಸವನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೈಡ್ರಾ ಗಂಟೆ ಲೆಕ್ಕದ ಬಾಡಿಗೆಗೆ ಬಂದು ನಿಂತಿತ್ತು. ಬಾಲ ಕಚ್ಚಿಕೊಂಡಾಗ ಇಳಿಸಿ, ತುಕ್ಕು ಬಿಡಿಸಿ, ಮತ್ತೆ ಎತ್ತೋಣ ಅನ್ನುವ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಬಿಚ್ಚುವ ಕೆಲಸದ ಕಷ್ಟ ಇದೇ. ಜೋಡಿಸುವಾಗ ಒಂದೊಂದು ಭಾಗ ಸೇರಿದ ಹಾಗೆ ಯಂತ್ರ ಗಟ್ಟಿಯಾಗುತ್ತಾ ಹೋಗುತ್ತದೆ. ಬಿಚ್ಚುವಾಗ ಒಂದೊಂದು ಭಾಗ ಹೋದ ಹಾಗೆ ಸಡಿಲವಾಗುತ್ತದೆ, ಆದರೆ ನೋಡುವವರ ಕಣ್ಣಿಗೆ ಅದು ಹಳೇ ಯಂತ್ರವೇ. ಯಾವುದು ಮೊದಲು, ಯಾವುದು ಆಮೇಲೆ ಅಂತ ಗೊತ್ತು ಮಾಡಿ ಹೇಳಬೇಕಾದ್ದು ಕೆಲಸ ಕೊಟ್ಟವರ ಹೊಣೆ. ದಿನಗೂಲಿಯ ಹುಡುಗನ ಹೊಣೆ ಅಲ್ಲ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಇನ್ನು ಕಾನೂನು. ಆ ಶೆಡ್‌ನಲ್ಲಿ ಹತ್ತು ಜನ ಇರಲಿಲ್ಲ, ಹಾಗಾಗಿ 1948ರ ಕಾರ್ಖಾನೆ ಕಾಯ್ದೆ ಅದಕ್ಕೆ ಹತ್ತುತ್ತಿರಲಿಲ್ಲ. ಎತ್ತುವ ಯಂತ್ರ, ಸ್ಲಿಂಗುಗಳನ್ನು 12 ತಿಂಗಳಿಗೊಮ್ಮೆಯಾದರೂ ಪರೀಕ್ಷೆ ಮಾಡಿಸಬೇಕು ಅನ್ನುವ ಆ ಕಾಯ್ದೆಯ 29ನೇ ಸೆಕ್ಷನ್ ಕೂಡ ಹತ್ತುತ್ತಿರಲಿಲ್ಲ. ಆದರೆ 1923ರ ನೌಕರರ ಪರಿಹಾರ ಕಾಯ್ದೆ ಹತ್ತುತ್ತಿತ್ತು. ಅದರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಅಂಶ ಇತ್ತು. ಕೆಲಸಗಾರ ಬೇಕೆಂದೇ ನಿಯಮ ಮುರಿದ ಅಂತ ವಾದಿಸಿ ಪರಿಹಾರ ತಪ್ಪಿಸಿಕೊಳ್ಳುವ ದಾರಿ ಗಾಯದ ಪ್ರಕರಣಗಳಿಗೆ ಇತ್ತು. ಸಾವಾದರೆ ಆ ದಾರಿ ಮುಚ್ಚಿತ್ತು. ಹಾಗಾಗಿ "ಅವನದೇ ತಪ್ಪು" ಅಂತ ಸಾಧಿಸಿದರೂ ಮಾಲೀಕರಿಗೆ ಒಂದು ರೂಪಾಯಿ ಉಳಿಯುತ್ತಿರಲಿಲ್ಲ. ಸತ್ತವನ ಹೆಸರು ಮಾತ್ರ ಸುಮ್ನೆ ಕೆಡುತ್ತಿತ್ತು.

ಹಣದ ವಿಷಯದಲ್ಲಿ ಸಂಬಳದ ದಾಖಲೆಯೇ ಎಲ್ಲ. ತಿಂಗಳ ಸಂಬಳದ ಅರ್ಧವನ್ನು ವಯಸ್ಸಿಗೆ ಗೊತ್ತು ಮಾಡಿದ ಅಂಶದಿಂದ ಗುಣಿಸಬೇಕಿತ್ತು. ಆಧಾರ್ ಪ್ರಕಾರ ಹುಡುಗನಿಗೆ 25 ತುಂಬಿತ್ತು, ಅಂಶ 216.91. ಸಂಬಳ ಎಷ್ಟೇ ಇದ್ದರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದ ಮಿತಿ 15,000 ರೂಪಾಯಿ. ಪುಸ್ತಕದಲ್ಲಿ ಬರೆದಿದ್ದ ಸಂಬಳ 9,000. ಅದರಂತೆ ಹೋದರೆ 9,76,095 ರೂಪಾಯಿ. ಆದರೆ ಅವನ ಫೋನ್‌ಪೇಗೆ ಪ್ರತಿ ತಿಂಗಳು 15,000ಕ್ಕಿಂತ ಜಾಸ್ತಿ ಬಂದದ್ದು ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿತ್ತು. ಅದರಂತೆ 16,26,825 ರೂಪಾಯಿ. ನನ್ನನ್ನು ಕರೆದಿದ್ದು ಇನ್ಶೂರೆನ್ಸ್ ಕಂಪನಿಯೇ ಆದರೂ ಆ ಸ್ಟೇಟ್‌ಮೆಂಟ್ ವರದಿಗೆ ಲಗತ್ತಿಸಿದೆ. ಸಿಕ್ಕ ದಾಖಲೆಯನ್ನು ಮುಚ್ಚಿಟ್ಟು ತನಿಖೆ ಅಂತ ಕರೆಯಲು ಬರುವುದಿಲ್ಲ. ಊರಿಂದ ಬಂದಿದ್ದ ಅವನ ಅಣ್ಣನಿಗೆ ಇನ್ನೊಂದು ಮಾತನ್ನೂ ಹೇಳಿದೆ. ಸಾವಿನ ಪರಿಹಾರ ಪರಿಹಾರ ಆಯುಕ್ತರ ಬಳಿ ಠೇವಣಿಯಾಗಬೇಕು. ಯಾರಾದರೂ ಕೈಗೆ ದುಡ್ಡು ಕೊಟ್ಟು ಸಹಿ ಹಾಕಿಸಿಕೊಂಡರೆ ಅದು ಕಾಯ್ದೆಯ ಪ್ರಕಾರ ಪರಿಹಾರ ಕೊಟ್ಟ ಹಾಗೆ ಆಗುವುದಿಲ್ಲ.

ವರದಿಯ ಕೊನೆಯಲ್ಲಿ ಏನು ಬದಲಾಗಬೇಕು ಅಂತ ಬರೆಯುವಾಗ "ಎಚ್ಚರಿಕೆಯಿಂದ ಕೆಲಸ ಮಾಡಬೇಕು" ಅನ್ನುವ ಸಾಲನ್ನು ನಾನು ಯಾವತ್ತೂ ಬರೆಯುವುದಿಲ್ಲ. ಅದರಿಂದ ಯಾವ ಕಬ್ಬಿಣವೂ ನಿಲ್ಲುವುದಿಲ್ಲ. ಮೊದಲು ಹೆಡ್ ಇಳಿಸಬೇಕು, ಆಮೇಲೆ ಚೈನು, ಕೊನೆಗೆ ಪಿನ್ನು. ಎತ್ತುವುದು ಎರಡು ಸ್ಲಿಂಗ್‌ನಲ್ಲಿ, ಬಾಲದ ಕಡೆ ಒಂದು, ಮುಂದೆ ಒಂದು. ಬಾಲ ಕಚ್ಚಿಕೊಂಡರೆ ಮಾಸ್ಟನ್ನು ಮರದ ದಿಮ್ಮಿಗಳ ಮೇಲೆ ಇಳಿಸಿ ಭಾರ ಕೂರಿಸಿದ ಮೇಲೇ ಹಾರೆ ಹಾಕಬೇಕು. ಮಾಸ್ಟ್ ನೇತಾಡುತ್ತಿರುವಾಗ ಅದರ ಕೆಳಗೆ, ಬಾಲದ ಹಿಂದೆ ಯಾರೂ ನಿಲ್ಲಬಾರದು. ಬೇಡ ಅನಿಸಿದರೆ ನಿಲ್ಲಿಸುವ ಹಕ್ಕು ಹೈಡ್ರಾ ಆಪರೇಟರ್‌ಗೆ ಇರಬೇಕು, ನಿಂತ ಹೊತ್ತಿಗೂ ಬಾಡಿಗೆ ಸಿಗಬೇಕು. ಹೆಡ್ ಇಳಿಸಲು ಆಗದೇ ಇದ್ದರೆ ಗೈಡ್ ಪಟ್ಟಿಗೆ ಅಡ್ಡಲಾಗಿ, ಹೆಡ್‌ನ ಎರಡೂ ಕಡೆ, ಬೋಲ್ಟ್ ಹಾಕಿ ಬಿಗಿಯುವ ಉಕ್ಕಿನ ತಡೆ ಕೂರಿಸಬೇಕು. ಅದರ ಚಿತ್ರವನ್ನು ಅಳತೆ ಸಮೇತ ಬರೆದುಕೊಟ್ಟೆ. ಮೇಸ್ತ್ರಿ ಅದನ್ನು ಅಲ್ಲೇ ಬಿದ್ದಿದ್ದ ಹಳೇ ಉಕ್ಕಿನ ಚಾನಲ್ ಕತ್ತರಿಸಿ ಮಾಡಿಸಿದರು. ಆಮೇಲೆ ಪಕ್ಕದ ಶೆಡ್‌ನವರೂ ಬಂದು ಅಳತೆ ತೆಗೆದುಕೊಂಡು ಹೋದರು.