ರಾಗಿಗೆ ಯೂರಿಯಾ ಎರಚುವ ಮುಂಚೆ ಮಣ್ಣಿನ ಹಸಿ ನೋಡಿ

ಮಳೆ ಆಶ್ರಿತ ರಾಗಿಗೆ ಎಕರೆಗೆ ಸುಮಾರು 20 ಕೆ.ಜಿ. ಸಾರಜನಕ ಸಾಕು. ಹಾಗಂತ ಅಷ್ಟು ಸಾರಜನಕ ಇರುವ 43 ಕೆ.ಜಿ. ಯೂರಿಯಾವನ್ನು ಒಂದೇ ಸಲ ಸುರಿಯಬೇಡಿ. ಬಿತ್ತುವಾಗ 35 ಕೆ.ಜಿ. ಡಿಎಪಿ (ಸಾರಜನಕ, ರಂಜಕ ಎರಡೂ ಇರುವ ಗೊಬ್ಬರ) ಕೊಟ್ಟಿದ್ದರೆ ಅದರಲ್ಲೇ 6 ಕೆ.ಜಿ. ಸಾರಜನಕ ಬಂದಿರುತ್ತದೆ, ಈ ಲೆಕ್ಕ ಕಳೆಯುವುದನ್ನು ತುಂಬಾ ಜನ ಮರೆಯುತ್ತಾರೆ. ಉಳಿದ 14 ಕೆ.ಜಿ. ಸಾರಜನಕಕ್ಕೆ 30 ಕೆ.ಜಿ. ಯೂರಿಯಾ ಸಾಕು: 8 ಕೆ.ಜಿ. ಬಿತ್ತನೆಗೆ, ಬೀಜಕ್ಕೆ ತಾಗದಂತೆ. ಮಿಕ್ಕ 22 ಕೆ.ಜಿ. ತೆಂಡೆ (ಬುಡದಿಂದ ಬರುವ ಪಕ್ಕದ ಕವಲು) ಒಡೆಯುವ ಹೊತ್ತಿಗೆ, ಅಂದರೆ 25–30ನೇ ದಿನ, ಕಳೆ ತೆಗೆದ ಮೇಲೆ.

ಹೀಗೆ ಬೆಳೆದ ಪೈರಿಗೆ ಕೊಡುವ ಮೇಲುಗೊಬ್ಬರದಲ್ಲಿ ದಿನಾಂಕಕ್ಕಿಂತ ಮಣ್ಣಿನ ಹದ ಮುಖ್ಯ. ಒಣ ಮಣ್ಣಿನ ಮೇಲೆ ಬಿದ್ದ ಯೂರಿಯಾ ಒಳಗೆ ಇಳಿಯದೆ ಮೇಲೇ ಉಳಿದರೆ, ಅದರ ಒಂದು ಪಾಲು ಅಮೋನಿಯಾ ಆಗಿ ಗಾಳಿಗೆ ಹೋಗಬಹುದು. ನೀರು ನಿಂತಿದ್ದರೂ ನಷ್ಟವೇ, ಮೊದಲು ಬಸಿಯಲು ಬಿಡಿ. ಮುಷ್ಟಿಯಲ್ಲಿ ಹಿಡಿದ ಮಣ್ಣು ಉಂಡೆಯಾಗಿ, ಬೆರಳು ಒತ್ತಿದರೆ ಪುಡಿಯಾಗಬೇಕು. ಆಗ ಸಾಲಿನ ಪಕ್ಕ ಹಾಕಿ ಎಡೆಕುಂಟೆ (ಸಾಲುಗಳ ನಡುವೆ ಎಳೆಯುವ ಕುಂಟೆ) ಹೊಡೆಯಿರಿ. ಮಳೆ ಬಾರದಿದ್ದರೆ ಒಂದು ವಾರ ಕಾಯಿರಿ, ಪರವಾಗಿಲ್ಲ.

ಒಂದೆರಡು ಸಲಕ್ಕಷ್ಟೇ ನೀರಿದ್ದರೆ ಹೂ ಬಿಡುವಾಗ ಮತ್ತು ಕಾಳಿಗೆ ಹಾಲು ತುಂಬುವಾಗ ಕೊಡಿ. ಆಗ ಬಾಯಾರಿದ ಪೈರಿನ ತೆನೆ ಜೊಳ್ಳಾಗುತ್ತದೆ, ಎಷ್ಟು ಗೊಬ್ಬರ ಹಾಕಿದರೂ ತುಂಬುವುದಿಲ್ಲ. ಎಲೆ ಕಡು ಹಸಿರಾಗಲೆಂದು ಹೆಚ್ಚು ಯೂರಿಯಾ ಕೊಟ್ಟರೆ ಬೆಂಕಿ ರೋಗ (ಎಲೆ, ತೆನೆಗೆ ತಗಲುವ ಶಿಲೀಂಧ್ರ ರೋಗ) ಜೋರಾಗುತ್ತದೆ, ಪೈರು ನೆಲಕ್ಕೆ ಒರಗುತ್ತದೆ.