ಇದು ಯಾವ ಬಗೆಯ ಮಳೆ? ಗುರುತಿಸುವ ಕ್ರಮ

ತೇವದ ಗಾಳಿ ಮೇಲೇರಿ ತಣಿದರೇ ಮಳೆ. ಅದನ್ನು ಮೇಲಕ್ಕೆ ತಳ್ಳಿದ್ದು ಯಾವುದು ಎಂಬುದರ ಮೇಲೆ ಬಗೆ ಬೇರೆಯಾಗುತ್ತದೆ: ಕಾದ ನೆಲವಾದರೆ ಪರಿಸರಣ ಮಳೆ, ಬೆಟ್ಟವಾದರೆ ಆರೋಹ ಮಳೆ, ಬಿಸಿ–ತಂಪು ಗಾಳಿರಾಶಿಗಳು ಸಂಧಿಸುವ ವಾಯುಮುಖವಾದರೆ ವಾಯುಮುಖ ಮಳೆ. ಮಳೆ ಶುರುವಾದ ಮೇಲೆ ತಲೆ ಎತ್ತಿದರೆ ಅರ್ಧ ಸುಳಿವು ಕೈತಪ್ಪಿರುತ್ತದೆ. ಮುಂಚಿನಿಂದಲೇ ಆಕಾಶ ನೋಡುತ್ತಿರಿ.

ಮಧ್ಯಾಹ್ನ ಹತ್ತಿಯ ರಾಶಿಯಂಥ ಮೋಡ ಎದ್ದರೆ ಅದು ಪರಿಸರಣ ಮಳೆಯ ಸುಳಿವು; ಅದರ ಬುಡದ ಎತ್ತರ ಲೆಕ್ಕಹಾಕಿ. ನೆರಳಲ್ಲಿ, ನೆಲದಿಂದ ಸುಮಾರು 1.5 ಮೀಟರ್ ಮೇಲೆ ಉಷ್ಣಾಂಶ ಮತ್ತು ಇಬ್ಬನಿ ಬಿಂದು (ಗಾಳಿಯ ತೇವ ಹನಿಗಟ್ಟತೊಡಗುವ ಉಷ್ಣಾಂಶ) ಅಳೆದು, ವ್ಯತ್ಯಾಸವನ್ನು 125ರಿಂದ ಗುಣಿಸಿ. 32 ಮತ್ತು 22 ಡಿಗ್ರಿ ಇದ್ದರೆ ಬುಡ 1,250 ಮೀಟರ್. ಏರುವ ಗಾಳಿ ಕಿಲೋಮೀಟರಿಗೆ 9.8 ಡಿಗ್ರಿ ತಣಿಯುತ್ತದೆ, ಅದರ ಇಬ್ಬನಿ ಬಿಂದು ಸುಮಾರು 1.8 ಡಿಗ್ರಿಯಷ್ಟೇ ಇಳಿಯುತ್ತದೆ. ಎರಡೂ ಸೇರುವಲ್ಲಿ ಮೋಡ. ಬಿಸಿಲಲ್ಲಿಟ್ಟ ಥರ್ಮಾಮೀಟರ್ ಬುಡವನ್ನು ಇಲ್ಲದ ಎತ್ತರಕ್ಕೆ ಏರಿಸುತ್ತದೆ. ಹಾಸಿದಂಥ ಪದರ ಮೋಡಕ್ಕೆ ಈ ಲೆಕ್ಕ ಹಚ್ಚಲೇಬೇಡಿ.

ರಾಶಿಯ ತಲೆ ಚೂಪಾದ ಅಂಚು ಕಳೆದುಕೊಂಡು ನಾರುನಾರಾದರೆ ಮೇಲೆ ಹಿಮ ಕಟ್ಟಿದೆ ಎಂದರ್ಥ. ಹೆಪ್ಪುಗಟ್ಟದೆ ಉಳಿದ ಅತಿತಂಪು ಹನಿಗಳ ತೇವವನ್ನು ಹಿಮಕಣ ಹೀರಿ ಬೆಳೆಯುತ್ತದೆ, ಬೀಳುತ್ತಾ ಕರಗುತ್ತದೆ. ಹಿಮವಿಲ್ಲದ ಬೆಚ್ಚಗಿನ ಮೋಡದಲ್ಲಿ ಹನಿಗೆ ಹನಿ ಡಿಕ್ಕಿ ಹೊಡೆದು ಕೂಡಿಕೊಳ್ಳಬೇಕು. ಮೋಡದ ಹನಿ ಸುಮಾರು 0.02 ಮಿಲಿಮೀಟರ್, 2 ಮಿಲಿಮೀಟರಿನ ಒಂದು ಮಳೆಹನಿಗೆ ಅಂಥ ಹತ್ತು ಲಕ್ಷ ಬೇಕು!

ಹನಿಯ ಗಾತ್ರ ನೋಡಲು ತಟ್ಟೆಯಲ್ಲಿ 2 ಸೆಂಟಿಮೀಟರ್ ದಪ್ಪ ಹಿಟ್ಟು ಹರಡಿ, ಎರಡು–ಮೂರು ಸೆಕೆಂಡು ಮಳೆಗೆ ಹಿಡಿದು, ಒಣಗಿಸಿ ಜರಡಿ ಹಿಡಿಯಿರಿ; ಒಂದೊಂದು ಹನಿಯೂ ಹೆಚ್ಚುಕಡಿಮೆ ತನ್ನ ಗಾತ್ರದ ಹಿಟ್ಟಿನ ಉಂಡೆಯಾಗಿ ಉಳಿಯುತ್ತದೆ. ಹೆಚ್ಚು ಹೊತ್ತು ಹಿಡಿದರೆ ಉಂಡೆಗಳು ಒಂದಕ್ಕೊಂದು ಅಂಟಿ ಅಳತೆ ಕೆಡುತ್ತದೆ. ಹಿಮಹರಳುಗಳ ಫೋಟೋ ತೆಗೆದ ಅಮೆರಿಕದ ವಿಲ್ಸನ್ ಬೆಂಟ್ಲಿ 1904ರಲ್ಲಿ ಪ್ರಕಟಿಸಿದ ಉಪಾಯವಿದು, ಇಂದಿಗೂ ಸವಕಲಾಗಿಲ್ಲ. 0.5 ಮಿಲಿಮೀಟರಿಗಿಂತ ಚಿಕ್ಕದೆಲ್ಲ ತುಂತುರು.

ಆರೋಹ ಮಳೆ ಗುರುತಿಸುವುದು ಸುಲಭ: ಗಾಳಿ ಬಡಿಯುವ ಇಳಿಜಾರಿಗೆ ಮೋಡ ಕಚ್ಚಿಕೊಂಡಿರುತ್ತದೆ, ಆಚೆ ಬದಿ ಒಣ.

ಬೆಚ್ಚನೆಯ ವಾಯುಮುಖ ಮುನ್ಸೂಚನೆ ಕೊಟ್ಟೇ ಬರುತ್ತದೆ: ಮೊದಲು ಗರಿಯಂಥ ಮೋಡ, ಆಮೇಲೆ ಸೂರ್ಯನ ಸುತ್ತ ಬಳೆ, ನಂತರ ಮಸುಕು ಗಾಜಿನ ಹಿಂದಿರುವಂಥ ಸೂರ್ಯ, ಬ್ಯಾರೋಮೀಟರಿನಲ್ಲಿ ಗಾಳಿಯ ಒತ್ತಡದ ಇಳಿತ, ಕೊನೆಗೆ ಗಂಟೆಗಟ್ಟಲೆ ಸೋನೆ. ಮೋಸಹೋಗುವುದು ತಂಪು ವಾಯುಮುಖದಲ್ಲಿ. ರಭಸದ ಮಳೆ, ದಿಢೀರ್ ತಂಪು, ಒತ್ತಡದ ಜಿಗಿತ—ಒಂಟಿ ಗುಡುಗು ಮೋಡವೂ ಇದನ್ನೆಲ್ಲ ಮಾಡುತ್ತದೆ. ಒಂದೆರಡು ಗಂಟೆ ಕಾಯಿರಿ. ಗಾಳಿ ಹಳೆಯ ದಿಕ್ಕಿಗೆ ಮರಳಿ ಸೆಕೆ ಹುಟ್ಟಿದರೆ ಗುಡುಗು ಮೋಡ. ಹೊಸ ದಿಕ್ಕಿನಲ್ಲೇ ನಿಂತು ಒತ್ತಡ ಏರುತ್ತಲೇ ಇದ್ದರೆ ವಾಯುಮುಖ.